ಜೋಡಿಯಲ್ಲದ ಪಾರಿವಾಳಗಳು

ಬಟವಾಡಿಯ ನಮ್ಮ ಎದುರು ಮನೆಯ ಹುಡುಗಿಗೆ ಅಂಡಮಾನಿನ ಸಂಬಂಧ ಕುದುರಿತು. ಅತ್ತೆಯಾಗುವವರ ತವರು ಕುಣಿಗಲ್ ಕಡೆಯಂತೆ, ಕನ್ನಡವೇ. ಆದರೆ ಮಾತು ಕಡಿಮೆ, ಬಲು ಖಡಕ್ಕು. ಅವರ ಜೊತೆ ಹೇಗೆ ಏಗುವುದೋ ಎಂಬ ಅಳುಕು ಇವಳಿಗೆ. ಅವರಿಗೆ ಹಿಡಿಸುವ ಉಪಾಯವನ್ನು ತಾನೇ ಹುಡುಕಿಕೊಂಡು ಬಂದಳು.

"ಆಂಟಿ, ಎರಡು ದಿಂಬಿನ ಕವರ್ ಮೇಲೆ ಅವ್ರ ಕಡೆ ಕಾಡು ಪಾರಿವಾಳ ಹಾಕ್ಕೊಡಿ. ಒಂದ್ರಲ್ಲಿ ಗಂಡು, ಒಂದ್ರಲ್ಲಿ ಹೆಣ್ಣು."

ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ ಕಸೂತಿ ಕೈಯಲ್ಲಿ ಇನ್ನೂ ಉಳಿದಿತ್ತು. ಮೊಬೈಲಿನಲ್ಲಿ ಆ ದ್ವೀಪಗಳ ಪಾರಿವಾಳ ಹುಡುಕಿದೆ. ಒಂದು ಬೂದು ಬಣ್ಣದ್ದು. ತಲೆ ಮಾಸಲು ಬಿಳಿ, ಕತ್ತಿನಲ್ಲಿ ಸಣ್ಣ ಚೌಕುಳಿ. ಇನ್ನೊಂದರ ಮೈಯೆಲ್ಲ ಹಸಿರು, ತಾಮ್ರದ ಮಿಂಚು. ಕತ್ತಿನಿಂದ ಕುಚ್ಚಿನಂತೆ ಇಳಿಬಿದ್ದ ಗರಿ, ಅಚ್ಚ ಬಿಳಿಯ ಗಿಡ್ಡ ಬಾಲ. ನವಿಲು ನೋಡಿ ಬೆಳೆದವಳು ನಾನು. ಮಿಂಚುವುದು ಗಂಡು, ಮಂಕಾದದ್ದು ಹೆಣ್ಣು ಅಂದುಕೊಂಡು ಸೂಜಿಗೆ ದಾರ ಪೋಣಿಸಿದೆ.

ಮದುವೆ ಹತ್ತಿರ ಬಂದಾಗ ವಿಡಿಯೋ ಕಾಲಿನಲ್ಲಿ ತೋರಿಸಿದೆವು. ಅತ್ತೆ ಕನ್ನಡಕ ಸರಿಮಾಡಿಕೊಂಡರು.

"ಇವು ಜೋಡಿ ಅಲ್ಲ ಕಣಮ್ಮ, ಹಕ್ಕಿನೇ ಬೇರೆ ಬೇರೆ. ಬೂದಿದು ಅಂಡಮಾನಿಂದು, ಮರದ್ಮೇಲೇ ಹಣ್ಣು ತಿನ್ಕೊಂಡಿರ್ತದೆ. ಮಿಂಚೋದು ನಿಕೋಬಾರಿಂದು, ಕೋಳಿ ಥರ ನೆಲದ್ಮೇಲೆ ಮೇಯ್ತದೆ. ಎರಡ್ರಲ್ಲೂ ಗಂಡು ಹೆಣ್ಣು ಹೆಚ್ಚುಕಮ್ಮಿ ಒಂದೇ ಥರ."

ಫೋನಿಟ್ಟ ಮೇಲೆ ಹುಡುಗಿಯ ಮುಖ ಸಣ್ಣಗಾಯಿತು.

"ಮೊದಲ್ನೇ ಸಲಕ್ಕೇ ಪೆದ್ದಿ ಅನ್ನಿಸ್ಕೊಂಡೆ."

"ಪೆದ್ದಿ ನಾನು ಕಣೇ, ನೀನಲ್ಲ. ಒಂದನ್ನ ಬಿಚ್ತೀನಿ, ಕೊಡು," ಎಂದೆ.

ಅವಳಮ್ಮ ಕವರು ಕಿತ್ತುಕೊಂಡರು. "ಇಷ್ಟು ಚೆನ್ನಾಗಿರೋದನ್ನ ಬಿಚ್ಚೋದ್ಯಾಕಕ್ಕ? ಇನ್ನೆರಡು ದಿಂಬು ಮಾಡ್ಸಿದ್ರಾಯ್ತು. ಎರಡಕ್ಕೂ ಜೋಡಿ ಸಿಗ್ತದೆ."

"ಇರೋದು ಇಬ್ರು, ನಾಕು ದಿಂಬಾ?" ಎಂದಳು ಹುಡುಗಿ.

"ಮಕ್ಳಾಗಲ್ವೇನೇ?"

ಬೂದು ಹಕ್ಕಿ ಬೇಗ ಮುಗಿಯಿತು. ಮಿಂಚಿನದ್ದು ಬಲು ಸತಾಯಿಸಿತು. ಒಂದೊಂದು ಗರಿಗೂ ದಾರ ಬದಲಿಸಬೇಕು. ಹುಡುಗಿ ಹೊರಡುವ ದಿನಕ್ಕೆ ಬಾಲವೊಂದು ಬಾಕಿ. "ಇರ್ಲಿ ಬಿಡಿ ಆಂಟಿ, ಅಲ್ಲೇ ಮುಗಿಸ್ಕೋತೀನಿ," ಎಂದು ಕಸೂತಿ ಚೌಕಟ್ಟಿನ ಸಮೇತ ಪೆಟ್ಟಿಗೆಗೆ ಹಾಕಿಕೊಂಡಳು. ಸೂಜಿ ಹಿಡಿದು ಗೊತ್ತಿಲ್ಲದ ಹುಡುಗಿ.

ಸ್ವಲ್ಪ ದಿನಕ್ಕೆ ಅವಳ ವಿಡಿಯೋ ಕಾಲು. ಅತ್ತೆ ಸೊಸೆ ಒಂದೇ ಮಂಚದ ಮೇಲಿದ್ದರು, ಕವರು ಅತ್ತೆಯ ತೊಡೆಯ ಮೇಲಿತ್ತು.

"ಬಾಲ ಉದ್ದ ಆಗೋಯ್ತು ಆಂಟಿ. ಅತ್ತೆ ಬಿಚ್ಚಿಸ್ತಿದಾರೆ."

"ಬಿಚ್ಚಿಸ್ತಿಲ್ಲ, ನಾನೇ ಬಿಚ್ತಿದೀನಿ," ಎಂದರು ಅವರು, ತಲೆಯೆತ್ತದೆ ದಾರ ಎಳೆಯುತ್ತಾ. "ಇವಳ ಕೈಗೆ ಬಿಟ್ಟಿದ್ರೆ ಹುಂಜ ಆಗೋಗಿರೋದು."