ಸುಲ್ತಾನಾಳ ತಟ್ಟೆ

ಸೇತುವೆಯ ಬುಡದಲ್ಲಿ ನನ್ನದೊಂದು ಅಂಗಡಿ. ಗಾಳ, ದಾರ, ಸೀಸದ ಗುಂಡು, ಜೀವಂತ ಸಿಗಡಿ, ಐಸು, ಬಿಯರು ಮಾರುತ್ತೇನೆ; ಗಿರಾಕಿಗಳು ಬಿಡುವ ಸುಳ್ಳುಗಳನ್ನು ಪುಕ್ಕಟೆಯಾಗಿ ಕೇಳುತ್ತೇನೆ. ಹೊಸ ಸೇತುವೆ ಬಂದ ಮೇಲೆ ಹಳೆಯದನ್ನು ಮೀನು ಹಿಡಿಯುವವರಿಗೆ ಬಿಟ್ಟುಕೊಟ್ಟರು. ಫ್ಲಾರಿಡಾದ ಈ ತುದಿಯ ದ್ವೀಪಗಳಲ್ಲಿ ನಮ್ಮ ಕ್ಯೂಬಾದವರನ್ನು ಸಂಜೆ ಹುಡುಕಬೇಕಾದರೆ ಅಲ್ಲೇ ಹುಡುಕಬೇಕು. ಅಲ್ಲಿ ಎಲ್ಲರೂ ಮಹಾ ಪಂಡಿತರು. ಆದರೆ ದೊಡ್ಡ ಮೀನೊಂದು ಸಿಕ್ಕಿತೆಂದರೆ ಎಲ್ಲರ ಜಂಬವೂ ಇಳಿದು, ಎವೆಲಿಯೊನ ಮುಂದೆ ಬಂದು ನಿಲ್ಲುತ್ತಿದ್ದರು.

ಎವೆಲಿಯೊ ಕ್ಯೂಬಾದ ಕೈಬರಿಯೆನ್ ಊರಿನ ಬೆಸ್ತರ ಮಗ. ಇಲ್ಲಿಗೆ ಬಂದು ಸಿಗಡಿ ಸುಲಿಯುವ ಶೆಡ್ಡಿನಲ್ಲಿ ದುಡಿದು ಬೆನ್ನು ಬಾಗಿಸಿಕೊಂಡ. ಹೆಂಡತಿ ತೀರಿಕೊಂಡ ಮೇಲೆ ಮಗಳು ಮಿಗ್ದಾಲಿಯಾಳನ್ನು ಒಬ್ಬನೇ ಸಾಕಿದ. ಅವನದು ಮಾತು ಕಡಿಮೆ. ಮಾತಾಡದವನು ಬಹಳ ತಿಳಿದವನೆಂದು ಜನ ತಾವೇ ತೀರ್ಮಾನಿಸಿಕೊಂಡರು.

ನಮ್ಮ ನೀರಿನಲ್ಲಿ ಪಿಕುವಾ ಎಂಬ ಮೀನಿದೆ. ಉದ್ದನೆಯ ಬೆಳ್ಳಿ ಮೈ, ನಾಯಿಯಂಥ ಹಲ್ಲು. ರುಚಿಯ ಮಾತು ಬಿಡಿ, ಈಗಲೂ ಬಾಯಲ್ಲಿ ನೀರೂರುತ್ತದೆ. ಆದರೆ ಬಂಡೆಗಳ ಸಂದಿಯ ಮೀನುಗಳನ್ನು ತಿಂದು ತಿಂದು ಕೆಲವು ದೊಡ್ಡ ಪಿಕುವಾಗಳ ಮೈಯಲ್ಲಿ ವಿಷ ಕೂಡಿಕೊಂಡಿರುತ್ತದೆ. ಅದಕ್ಕೆ ವಾಸನೆಯಿಲ್ಲ, ಕಹಿಯಿಲ್ಲ. ಬೇಯಿಸಿದರೂ ಹುರಿದರೂ ಹೋಗುವುದಿಲ್ಲ. ತಿಂದವರಿಗೆ ಮೊದಲು ವಾಂತಿ, ಭೇದಿ. ಆಮೇಲೆ ತಣ್ಣೀರು ಮುಟ್ಟಿದರೆ ಬೆಂಕಿ ಮುಟ್ಟಿದ ಹಾಗೆ ಸುಡುತ್ತದೆ. ಎವೆಲಿಯೊ ಹರೆಯದಲ್ಲಿ ಒಮ್ಮೆ ಅದನ್ನು ತಿಂದು ಸತ್ತು ಬದುಕಿದವನು. ಒಮ್ಮೆ ವಿಷ ಏರಿದವರು ಮತ್ತೆ ಆ ಮೀನು ತಿನ್ನಬಾರದು ಎನ್ನುತ್ತಾರೆ. ಅವನು ತಿನ್ನುತ್ತಿರಲಿಲ್ಲ.

ಯಾರಾದರೂ ಪಿಕುವಾ ತಂದರೆ ಅವನು ಹೊಟ್ಟೆ ಒತ್ತಿ, ಕಿವಿರು ಬಿಡಿಸಿ, ಕಣ್ಣನ್ನೇ ದಿಟ್ಟಿಸಿ, "ನಾಳೆ ಹೇಳ್ತೀನಿ" ಎನ್ನುತ್ತಿದ್ದ. ಒಂದು ತುಂಡು ಕೊಯ್ದು, ಕಂಬಗಳ ಮೇಲೆ ನಿಂತ ತನ್ನ ಮನೆಯ ಅಡಿಯಲ್ಲಿ ಬೆಕ್ಕಿನ ತಟ್ಟೆಗೆ ಹಾಕುತ್ತಿದ್ದ. ಬೆಕ್ಕಿನ ಹೆಸರು ಸುಲ್ತಾನಾ. ಮರುದಿನ ಸುಲ್ತಾನಾ ನೆಟ್ಟಗೆ ಓಡಾಡಿದರೆ, "ತಿನ್ನಿ" ಎನ್ನುತ್ತಿದ್ದ. ನಾವು ನಗುತ್ತಿದ್ದೆವು. "ಬೆಕ್ಕು ಬರೀ ಶಾಸ್ತ್ರಕ್ಕೆ ಕಣ್ರೋ. ಇವನ ಕಣ್ಣಿಗೆ ಆಗ್ಲೇ ಗೊತ್ತಾಗಿರತ್ತೆ" ಎಂದು ಸೇತುವೆಯೇ ಹೇಳುತ್ತಿತ್ತು. ಎವೆಲಿಯೊ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಆ ಬೇಸಿಗೆ ಮಿಗ್ದಾಲಿಯಾ ಏಳು ತಿಂಗಳ ಬಸುರಿ. ಗಂಡ ದೂರದ ಹಡಗಿನಲ್ಲಿದ್ದ. ಅವಳು ಅಪ್ಪನ ಮನೆಯಲ್ಲಿದ್ದಳು. ಭಾನುವಾರ ಮಯಾಮಿಯಿಂದ ಬೀಗರು ಮೊದಲ ಸಲ ಊಟಕ್ಕೆ ಬರುವವರಿದ್ದರು. ಶುಕ್ರವಾರ ಸಂಜೆ ಗಾಳಿ ಬಿದ್ದುಹೋಗಿ ನೀರು ಎಣ್ಣೆಯ ಹಾಗೆ ಮಲಗಿತ್ತು. ಯಾರಿಗೂ ಏನೂ ಸಿಗಲಿಲ್ಲ. ಎವೆಲಿಯೊನ ಗಾಳಕ್ಕೆ ಮಾತ್ರ ಒಂದು ಪಿಕುವಾ ಬಿತ್ತು. ಹಗ್ಗ ಕಟ್ಟಿದ ದುಂಡು ಬಲೆ ಇಳಿಸಿ ಮೂವರು ಸೇರಿ ಎತ್ತಬೇಕಾಯಿತು. ಅಷ್ಟು ದೊಡ್ಡದನ್ನು ನಾನು ಆ ಸೇತುವೆಯ ಮೇಲೆ ನೋಡಿರಲಿಲ್ಲ. ನನಗ್ಯಾಕೋ ಅದು ಹಿಡಿಸಲಿಲ್ಲ.

"ಇದು ಬೇಡ ಕಣೋ ಎವೆಲಿಯೊ. ವಾಪಸ್ ಎಸೆದುಬಿಡು" ಎಂದೆ.

"ಬೀಗರ ಮುಂದೆ ಏನಿಡ್ಲಿ? ನಿನ್ನಂಗಡಿ ಸಿಗಡೀನಾ?"

"ಕೋಳಿ ಮಾಡೋ. ಕೋಳಿ ತಿಂದ್ರೆ ಅವರೇನು ಸಾಯ್ತಾರಾ?"

"ಬೆಸ್ತರ ಮನೇಲಿ ಕೋಳಿ ತಿಂದ್ವಿ ಅಂತ ಮಯಾಮಿ ತುಂಬಾ ಹೇಳ್ಕೊಂಡು ಬರ್ತಾರೆ ಕಣೇ. ಸುಲ್ತಾನಾ ಏನಂತಾಳೋ ನೋಡೋಣ" ಎಂದು ಮೀನನ್ನು ಹೆಗಲಿಗೇರಿಸಿಕೊಂಡು ಹೋದ.

ಮುಂದಿನದು ನಮಗೆ ಗೊತ್ತಾದದ್ದು ಆಮೇಲೆ. ಸುಲ್ತಾನಾಳೂ ಆಗ ಬಸುರಿ. ಹೊಟ್ಟೆ ನೆಲಕ್ಕೆ ತಾಗುತ್ತಿತ್ತು. ಅಪ್ಪ ತುಂಡು ಹಾಕಿ ಅತ್ತ ಹೋದದ್ದೇ ತಡ, ಮಿಗ್ದಾಲಿಯಾ ತಟ್ಟೆಯನ್ನು ಎತ್ತಿಕೊಂಡಳು. ಹೊಟ್ಟೆಯಲ್ಲಿ ಮರಿ ಇರುವ ಜೀವಕ್ಕೆ ಇದನ್ನು ತಿನ್ನಿಸುವುದು ಹೇಗೆಂದು ಅವಳಿಗೆ ಸಂಕಟವಾಯಿತು. ಹೇಗಿದ್ದರೂ ಬೆಕ್ಕು ಬರೀ ಶಾಸ್ತ್ರಕ್ಕಲ್ಲವೇ! ಅಪ್ಪನ ಕಣ್ಣಿಗೆ ಬೀಳದ ವಿಷ ಯಾವುದಿದೆ? ತುಂಡನ್ನು ಹಿಂದಿನ ಕಾಲುವೆಗೆ ಎಸೆದು, ಖಾಲಿ ತಟ್ಟೆಯನ್ನು ಅಲ್ಲೇ ಇಟ್ಟಳು.

ಮರುದಿನ ಎವೆಲಿಯೊ ಕೇಳಿದ: "ಸುಲ್ತಾನಾ ತಿಂದಳೇನೇ?"

"ನೆಕ್ಕಿ ನೆಕ್ಕಿ ತಿಂದ್ಳಪ್ಪಾ."

ಬೆಕ್ಕು ಬಿಸಿಲಿನಲ್ಲಿ ಸುಖವಾಗಿ ಮಲಗಿತ್ತು. ಅದನ್ನು ನೋಡಿ ಅವನು ಚಾಕು ಮಸೆದ.

ಭಾನುವಾರ ಹುರಿಯುವ ಕೆಲಸ ನನ್ನದೇ. ನಿಂಬೆ, ಬೆಳ್ಳುಳ್ಳಿ ಹಚ್ಚಿದ ಮೀನು, ಅನ್ನ, ಕಪ್ಪು ಬೀನ್ಸ್ ಕಾಳು, ಕರಿದ ಬಾಳೆ. ಬೀಗಿತ್ತಿ ಮೂಗು ಮುರಿಯುವ ಹೆಂಗಸು. ಅವಳೂ ಮತ್ತೊಮ್ಮೆ ಬಡಿಸಿಕೊಂಡಳು. ನಾನೂ ತಿಂದೆ. ಮಿಗ್ದಾಲಿಯಾಗೆ ಎಲ್ಲರಿಗಿಂತ ಹೆಚ್ಚು, ಇಬ್ಬರ ಪಾಲು ಎಂದು ಅಪ್ಪನೇ ಬಡಿಸಿದ. ತಾನು ಬರೀ ಅನ್ನ, ಕಾಳು ತಿನ್ನುತ್ತಾ ನಮ್ಮೆಲ್ಲರ ಬಾಯಿ ನೋಡುತ್ತಿದ್ದ. ಅವನು ಅಷ್ಟು ಸಂತೋಷವಾಗಿದ್ದುದನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಸಂಜೆ ನನ್ನ ಹೊಟ್ಟೆ ತೊಳಸತೊಡಗಿತು. ಬೀಗರು ತಂದ ಕೆನೆ ಕೇಕಿಗೆ ಹಿಡಿಶಾಪ ಹಾಕಿದೆ. ಬೆಳಗ್ಗೆ ಮಿಗ್ದಾಲಿಯಾ ಹೇಗಿದ್ದಾಳೋ ನೋಡೋಣವೆಂದು ಗೋಡೆ ಹಿಡಿದುಕೊಂಡು ಅವರ ಮನೆಗೆ ಹೋದೆ. ಅವಳೂ ವಾಂತಿ ಮಾಡಿ ಸೋತು ಅಡುಗೆಮನೆಯಲ್ಲಿ ಕೂತಿದ್ದಳು. ಎವೆಲಿಯೊ ಫ್ರಿಜ್ಜಿನಿಂದ ನೀರು ಬಗ್ಗಿಸಿ ಕೊಟ್ಟ. ಅವಳು ಲೋಟ ಹಿಡಿದವಳೇ ಕೈಬಿಟ್ಟಳು.

"ಅಪ್ಪಾ, ಕುದಿಯೋ ನೀರು ಕೊಡ್ತೀಯಲ್ಲ!"

ಎವೆಲಿಯೊ ಕೆಳಗೆ ಬಿದ್ದ ನೀರಿಗೆ ಬೆರಳು ಅದ್ದಿ ನೋಡಿದ. ಆಮೇಲೆ ಮಗಳ ಮುಖ ನೋಡಿದ.

"ಸುಲ್ತಾನಾ ತಿಂದಿದ್ದು ನೀನು ಕಣ್ಣಾರೆ ನೋಡಿದ್ಯಾ?"

ಅವಳು ಅಳತೊಡಗಿದಳು. "ಅವಳು ಬಸುರಿ ಅಲ್ವಾ ಅಪ್ಪಾ... ಕಾಲುವೆಗೆ ಹಾಕ್ಬಿಟ್ಟೆ. ನಿಂಗೆ ನೋಡಿದ್ರೆ ಗೊತ್ತಾಗತ್ತಲ್ಲಾ ಅಂತ..."

"ಯಾರೇ ಹೇಳಿದ್ದು ನಂಗೆ ಗೊತ್ತಾಗತ್ತೆ ಅಂತ? ನಂಗೇನೂ ಗೊತ್ತಾಗಲ್ಲ ಮಗಾ. ಯಾವತ್ತೂ ಗೊತ್ತಿರ್ಲಿಲ್ಲ. ನಂಗೆ ಗೊತ್ತಿದ್ದಿದ್ದು ಬೆಕ್ಕೊಂದೇ."

ಮಿಗ್ದಾಲಿಯಾ ಅಪ್ಪನ ಕೈಯನ್ನು ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು. ರಾತ್ರಿಯಿಂದ ಮಗು ಒಂದೇ ಸಮನೆ ಹೊರಳಾಡುತ್ತಿದೆ, ನಿಲ್ಲಿಸುತ್ತಲೇ ಇಲ್ಲ ಎಂದಳು. ಅಂಗಿಯ ಮೇಲಿಂದಲೇ ಅದು ನನಗೂ ಕಾಣುತ್ತಿತ್ತು. ಆಸ್ಪತ್ರೆಗೆ ಕರೆದೊಯ್ದೆವು. ಇದಕ್ಕೆ ಮದ್ದಿಲ್ಲ, ಕಾಯಬೇಕು ಎಂದರು. ಮಧ್ಯಾಹ್ನದ ಹೊತ್ತಿಗೆ ಹೊರಳಾಟ ನಿಂತಿತು. ಆ ನಿಂತದ್ದಕ್ಕೆ ನಾವು ಇನ್ನೂ ಹೆಚ್ಚು ಹೆದರಿದೆವು.

ಬೀಗರು ಮಯಾಮಿಯಲ್ಲಿ ಹಾಸಿಗೆ ಹಿಡಿದು ಎದ್ದರು; ಮತ್ತೆ ಈ ಕಡೆ ತಲೆ ಹಾಕಲಿಲ್ಲ. ನನಗೆ ಇವತ್ತಿಗೂ ಐಸು ಎತ್ತುವಾಗ ಬೆರಳು ಚುರುಗುಟ್ಟುತ್ತದೆ. ಸುಲ್ತಾನಾ ಚೆಂದದ ಮರಿಗಳನ್ನು ಹಾಕಿದಳು. ಮಿಗ್ದಾಲಿಯಾಗೂ ಹೆಣ್ಣು ಮಗು ಹುಟ್ಟಿತು, ಜೀವಂತವಾಗಿ. ಇಡೀ ಸೇತುವೆ ದೇವರಿಗೆ ಕೈಮುಗಿಯಿತು.

ಜನಕ್ಕೆ ಬುದ್ಧಿ ಬಂತೆಂದು ನೀವು ತಿಳಿದಿದ್ದರೆ ಅದು ಸುಳ್ಳು. ಮರುವರ್ಷವೇ ಒಬ್ಬ ಉದ್ದನೆಯ ಪಿಕುವಾವನ್ನು ಎಳೆದುಕೊಂಡು ಎವೆಲಿಯೊನ ಬಳಿ ಬಂದ. ಎವೆಲಿಯೊ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಟ್ಟೆಯ ಮೇಲೆ ಕೂತಿದ್ದ.

"ಯಜಮಾನ್ರೇ, ಒಂದ್ಸಲ ನೋಡಿ ಹೇಳಿ. ತಿನ್ಬೋದಾ?"

"ನಂಗೊತ್ತಿಲ್ಲ."

"ಅಯ್ಯೋ, ನಿಮಗೆ ಗೊತ್ತಿಲ್ದೇ ಇರತ್ತಾ! ಸುಮ್ನೆ ಬಿಗುಮಾನ."

ಎವೆಲಿಯೊ ಮಗುವನ್ನು ಅವನ ಕಡೆ ತಿರುಗಿಸಿ, ಗಲ್ಲದ ಕೆಳಗೆ ಕಚಗುಳಿ ಇಟ್ಟ. ಮಗು ಕಿಲಕಿಲ ನಕ್ಕಿತು. ಬಾಯಿಯ ಬಲಗಡೆ ಮಾತ್ರ ನಕ್ಕಿತು, ಎಡಗಡೆ ಅಲುಗಲಿಲ್ಲ.

"ಈಗ ಕೇಳಪ್ಪಾ" ಎಂದ.