ಕಬಡ್ಡಿ ಹುಡುಗಿಯ ಸೊಂಟ ಹಿಡಿದಾಗ

ನಾನು ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರು ಕಾಲು ಸೋಕಿಸಿದರೆ ಹಿಡಿದ ಸೊಂಟ ಬಿಡುತ್ತದೆ ಎಂದು ನಮ್ಮ ಕಡೆ ನಂಬಿಕೆ. ಬಿಳಿಕೆರೆ ಸುತ್ತಿನವರು ಬೆಳಿಗ್ಗೆಯೇ ಬಂದು ನಮ್ಮ ಜಗುಲಿಯ ಮೇಲೆ ಬೋರಲು ಮಲಗುತ್ತಿದ್ದರು. ಹಿರಿಯರ ಬೆನ್ನಿಗೆ ಕಾಲು ತಾಕಿಸಲು ನನಗೆ ಬಹಳ ಸಂಕೋಚ. ಮೊದಲು ಕೈಮುಗಿದು, ಎಡಗಾಲನ್ನು ಮೆಲ್ಲಗೆ ಸೋಕಿಸಿ, ಒಳಗೆ ಓಡಿಬಿಡುತ್ತಿದ್ದೆ.

ಮಕ್ಕಳೇ, ನಿಮ್ಮ ದೊಡ್ಡಕ್ಕನೂ ಒಂದು ದಿನ ಹಾಗೆ ಮಲಗಿದಳು. ಕಾಲೇಜಿನ ಕಬಡ್ಡಿ ತಂಡದಲ್ಲಿ ರೈಡ್‌ಗೆ ನುಗ್ಗುವವಳು ಅವಳೇ. ಅಭ್ಯಾಸದಲ್ಲಿ ಗಕ್ಕನೆ ತಿರುಗಿದಾಗ ಸೊಂಟ ಹಿಡಿದಿತ್ತು. ಮುಂದಿನ ತಿಂಗಳು ಕೃಷ್ಣರಾಜನಗರದಲ್ಲಿ ಜಿಲ್ಲಾ ತಂಡದ ಆಯ್ಕೆ. ಈ ಸಲ ತಪ್ಪಿದರೆ ವಯಸ್ಸು ಮೀರಿಹೋಗುತ್ತದೆ ಎಂದು ಅವಳಿಗೆ ಸಂಕಟ.

"ಚೆನ್ನಾಗಿ ತುಳಿ ಅಜ್ಜಿ!"

"ತುಳಿಯೋದಲ್ಲ ಕಣವ್ವ, ಸೋಕ್ಸೋದು."

"ನಿನ್ ನಾಚ್ಕೆ ಆಮೇಲಿಟ್ಕೊ, ಕಾಲಿಡು ಈಗ!"

ಇಟ್ಟೆ. ಸೊಂಟ ಬಿಡಲಿಲ್ಲ. ಚಪ್ಪಲಿ ಹಾಕಿಕೊಳ್ಳಲೂ ಅವಳು ಬಗ್ಗಲಾರಳು.

ಅವಳ ಪಿ.ಟಿ. ಮೇಷ್ಟ್ರು ಮೈಸೂರಿನ ಒಬ್ಬ ಕೈರೋಪ್ರಾಕ್ಟರ್ ಬಳಿಗೆ ಹೋಗಲು ಹೇಳಿದರು. ಆಟಗಾರರ ಬೆನ್ನು, ಕೀಲುಗಳನ್ನು ಕೈಯಿಂದಲೇ ಸರಿಪಡಿಸುವವರಂತೆ. ಅಲ್ಲಿದ್ದದ್ದು ನನ್ನ ಮಗಳ ವಯಸ್ಸಿನ ಹೆಂಗಸು. ಕಾಲು ಜೋಮು ಹಿಡಿಯುತ್ತದೆಯೇ ಎಂದು ಕೇಳಿದರು, ಮಂಡಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು, ನಡೆಸಿ ನೋಡಿದರು. ಆಮೇಲೆ ಬೆನ್ನು ಬಿಟ್ಟು ಬಲಗಾಲಿನ ಹರಡನ್ನು, ಅಂದರೆ ಪಾದದ ಮೇಲಿನ ಕೀಲನ್ನು, ಹಿಡಿದು ಕೂತರು. ನೋವು ಸೊಂಟದಲ್ಲಿ, ಇವರು ಹಿಡಿದದ್ದು ಕಾಲು!

"ಇವ್ಳು ಯಾವಾಗ್ಲಾದ್ರೂ ಈ ಕಾಲು ಉಳುಕಿಸ್ಕೊಂಡಿದ್ಲಾ ಅಜ್ಜಿ?"

ಆಗ ನೆನಪಾಯಿತು. ಹೈಸ್ಕೂಲಿಗೆ ಹೋಗುವಾಗ ತೆಂಗಿನ ಸಸಿಯ ಗುಂಡಿಗೆ ಬಿದ್ದಿದ್ದಳು. ನಾವೇ ಮರೆತಿದ್ದೆವು. ಅವಳ ಮೂಳೆ ಮರೆತಿರಲಿಲ್ಲ. ಈ ಹೆಂಗಸಿನ ಬೆರಳಿಗೆ ಅದು ತಿಳಿದುಹೋಗಿತ್ತು.

"ಹರಡು ಪೂರ್ತಿ ಮಡಚ್ತಿಲ್ಲ. ಅದು ಮಾಡ್ಬೇಕಾದ ಕೆಲ್ಸಾನ ಸೊಂಟ ಮಾಡಿ ಮಾಡಿ ಸುಸ್ತಾಗಿದೆ," ಎಂದರು.

ಅವಳನ್ನು ಮಗ್ಗುಲಾಗಿ ಮಲಗಿಸಿ, ಉಸಿರು ಬಿಡಿಸಿ, ಸೊಂಟವನ್ನು ಚಕ್ಕನೆ ಒತ್ತಿದರು. ಲಟಕ್ಕೆಂದ ಸದ್ದಿಗೆ ನಾನು ಕುರ್ಚಿಯಿಂದ ಎದ್ದುಬಿಟ್ಟೆ.

"ಮೂಳೆ ಕೂತ್ಕಂತಾ ತಾಯಿ?"

"ಜಾರಿದ್ರೆ ತಾನೆ ಅಜ್ಜಿ ಕೂರೋದು! ಬೆರಳ ನೆಟಿಗೆ ತೆಗೆದಂಗೆ ಅಷ್ಟೇ ಇದು. ಬಿಗಿ ಸಡಿಲ ಆಗುತ್ತೆ. ಇನ್ನು ವ್ಯಾಯಾಮ ಇವ್ಳೇ ಮಾಡ್ಬೇಕು. ನಾನು ಹೇಳೋವರ್ಗೂ ಕಬಡ್ಡಿ ಬೇಡ."

"ನಮ್ಮಜ್ಜಿ ಕಾಲಲ್ಲೂ ವೈದ್ಯ ಮಾಡ್ತಾರೆ ಡಾಕ್ಟ್ರೇ," ಎಂದು ಇವಳು ನನ್ನ ಗುಟ್ಟು ಬಿಟ್ಟುಕೊಟ್ಟಳು.

"ಹಂಗಾದ್ರೆ ಅಜ್ಜಿ ಕಾಲಿಗೂ ಸ್ವಲ್ಪ ದಿನ ರಜಾ!"

ನಾನು ನೆಲ ನೋಡುತ್ತಾ ನಕ್ಕೆ.

ಮನೆಯಲ್ಲಿ ಅವಳು ಹಿಮ್ಮಡಿ ಎತ್ತದೆ ಗೋಡೆಗೆ ಮಂಡಿ ತಾಗಿಸಲು ಹರಡು ಮಡಚುವುದನ್ನು ದಿನವೂ ನೋಡುತ್ತಿದ್ದೆ. ಮೊದಮೊದಲು ಮಂಡಿಗೂ ಗೋಡೆಗೂ ನಡುವೆ ನನ್ನ ಅಂಗೈ ತೂರುತ್ತಿತ್ತು. ಬರಬರುತ್ತಾ ಬೆರಳೂ ತೂರದಾಯಿತು. ಮನುಷ್ಯರ ಮೈ ಹೀಗೆ ಹೇಳಿದ ಮಾತು ಕೇಳುತ್ತದೆಯೆಂದು ಅಷ್ಟು ವಯಸ್ಸಾಗಿದ್ದರೂ ನನಗೆ ಗೊತ್ತಿರಲಿಲ್ಲ. ಮೈಸೂರಿಗೆ ಮತ್ತೆ ಮತ್ತೆ ಹೋಗಿಬಂದೆವು. ಆಯ್ಕೆಗೆ ಇನ್ನೇನು ಹತ್ತಿರವಾಯಿತೆನ್ನುವಾಗ ಡಾಕ್ಟರು ಆಡಲು ಬಿಟ್ಟರು.

ಕೃಷ್ಣರಾಜನಗರದ ಮೈದಾನದಲ್ಲಿ ಅವಳ ಮೊದಲ ರೈಡಿಗೇ ಎದುರು ತಂಡದ ಹುಡುಗಿಯರೆಲ್ಲ ಮೇಲೆ ಬಿದ್ದರು. ನಮ್ಮವಳು ಕಾಣಲೇ ಇಲ್ಲ. ಆ ರಾಶಿಯ ಕೆಳಗಿಂದ ಒಂದು ಕೈ ನಡುಗೆರೆಯ ಕಡೆ ಚಾಚಿತು. ಮುಟ್ಟಿತು. ಸೀಟಿ ಊದಿದ ಮೇಲೆ ಅವಳು ಸೊಂಟಕ್ಕೆ ಕೈಕೊಡದೆ ನೆಟ್ಟಗೆ ಎದ್ದು ನಿಂತಳು.

ಆಟ ಮುಗಿದಾಗ ಆಯ್ಕೆ ಮಾಡುವವರು ಅವಳಿಗೆ, "ನೀನು ಆ ಕಡೆ ಹೋಗಮ್ಮ," ಎಂದರು.

ಪಕ್ಕದಲ್ಲಿ ಕೂತಿದ್ದ ಹೆಂಗಸನ್ನು ಹೆದರುತ್ತಲೇ ಕೇಳಿದೆ, "ಆ ಕಡೆ ಅಂದ್ರೆ ಏನವ್ವ?"

"ತಂಡಕ್ಕೆ ಸೇರ್ದೋರು ಕಣಕ್ಕ!"

ಅಷ್ಟರಲ್ಲಿ ಅವಳು ಆ ಕಡೆಗೆ ಓಡಿಯೇಬಿಟ್ಟಿದ್ದಳು.