ಎಂಬತ್ತನಾಲ್ಕು ಗೇಟುಗಳ ಹಾಲಕ್ಕ

ಬೆಳಗಿನ ಐದೂಕಾಲು. ಹಾಲಕ್ಕ ಬೀದಿಯ ತಿರುವಿನಲ್ಲೇ ಸೈಕಲ್ ನಿಲ್ಲಿಸಿಕೊಂಡಿದ್ದಾರೆ. ಹಿಂದೆ ಕಟ್ಟಿದ ಕ್ರೇಟಿನಲ್ಲಿ ಹಾಲಿನ ಪ್ಯಾಕೆಟ್‌ಗಳು ಬೆವರುತ್ತಿವೆ. ಬೇರೆ ದಿನವಾದರೆ ಇಷ್ಟೊತ್ತಿಗೆ ಹತ್ತು ಮನೆ ಮುಗಿದಿರುತ್ತಿತ್ತು. ಇವತ್ತು ಕಾಲು ಮುಂದಕ್ಕೆ ಬರುತ್ತಿಲ್ಲ. ಜೊತೆಗೆ ಬಂದಿರುವ ನನ್ನ ಕಡೆ ತಿರುಗುತ್ತಾರೆ.

“ಮೊದಲ್ನೇ ಗೇಟಿಗೆ ಚೀಲ ಇದೆಯಾ, ನೀವೇ ನೋಡಿ. ನನ್ಗೆ ಧೈರ್ಯ ಇಲ್ಲ.”

ಇದೆ.

ಈ ಬಡಾವಣೆಯ ಎಂಬತ್ತನಾಲ್ಕು ಮನೆಗಳಿಗೆ ಹತ್ತೊಂಬತ್ತು ವರ್ಷದಿಂದ ಹಾಲು ಹಾಕುವವರು ಇವರೇ. ಗೇಟಿನ ಕೊಕ್ಕೆಯಲ್ಲಿ ಬಟ್ಟೆಚೀಲ ನೇತಾಡುತ್ತಿದ್ದರೆ ಹಾಲು ಬೇಕು, ಇಲ್ಲದಿದ್ದರೆ ಬೇಡ. ಮಲಗಿದವರನ್ನು ಎಬ್ಬಿಸಬಾರದೆಂದು ಒಂದು ದಿನವೂ ಬೆಲ್ ಒತ್ತಿದವರಲ್ಲ. ಅದೇ ಚೀಲ ಬೀದಿಯ ಅಂಚೆಪೆಟ್ಟಿಗೆ ಕೂಡ. ಕಳೆದುಹೋದ ಬೆಕ್ಕಿನ ಸುದ್ದಿ, ನಲ್ಲಿ ರಿಪೇರಿಯವನ ನಂಬರು, ಏನಿದ್ದರೂ ಒಂದು ಚೀಲದಿಂದ ತೆಗೆದು ಪಕ್ಕದ ಮನೆಯ ಚೀಲಕ್ಕೆ ಹಾಕುತ್ತಾರೆ. ಓದುವುದಿಲ್ಲ.

ಹಾಗೆ ಓದದೆಯೇ ಹೋದ ತಿಂಗಳು ಒಂದು ಮನವಿಪತ್ರವನ್ನು ದಿನಕ್ಕೊಂದರಂತೆ ಮೂವತ್ತೊಂದು ಮನೆಗೆ ಮುಟ್ಟಿಸಿಬಿಟ್ಟಿದ್ದರು. ಹಳೇ ಶಾಲೆಯಲ್ಲಿರುವ ನಿರಾಶ್ರಿತರನ್ನು ಖಾಲಿ ಮಾಡಿಸಬೇಕು, ಸಹಿ ಹಾಕಿ ಪಕ್ಕದ ಮನೆಗೆ ಕಳಿಸಿ ಎಂದಿತ್ತು ಅದರಲ್ಲಿ. ವಿಷಯ ಗೊತ್ತಾಗಿದ್ದು ಮೂವತ್ತೆರಡನೇ ಮನೆಯ ನಿವೃತ್ತ ಮೇಷ್ಟ್ರು ಗೇಟಿನಲ್ಲೇ ಕಾದು ನಿಂತು, ಕಾಗದ ಬಿಡಿಸಿ ತೋರಿಸಿ ಪೆನ್ನು ಚಾಚಿದಾಗ.

“ನೀನೂ ಒಂದು ಸಹಿ ಹಾಕು ಹಾಲಕ್ಕ. ನೀನೇನು ಹೊರಗಿನೋಳಾ, ನಮ್ಮೋಳೇ ಅಲ್ವಾ.”

ಹಾಲಕ್ಕ ಪೆನ್ನು ಮುಟ್ಟಲಿಲ್ಲ. ಆಮೇಲೆ ಹಾಕ್ತೀನಿ ಎಂದು ಜಾರಿಕೊಂಡರು. ಮೇಷ್ಟ್ರು ಕಾಗದವನ್ನು ಅವರ ಸಹಿಗಾಗಿಯೇ ತಡೆದಿಟ್ಟರು.

ಏಳನೇ ವಯಸ್ಸಿನಲ್ಲಿ ಅಮ್ಮನ ಕೈ ಹಿಡಿದು ಗಡಿ ದಾಟಿ ಬಂದವರು ಹಾಲಕ್ಕ. ಮೊದಲ ಎರಡು ವರ್ಷ ಮಲಗಿದ್ದು ಅದೇ ಶಾಲೆಯ ಕೊನೇ ಕೋಣೆಯಲ್ಲಿ. ಈಗ ಅಲ್ಲಿ ಅವರ ಚಿಕ್ಕಮ್ಮನ ಮಗಳು ಎರಡು ಮಕ್ಕಳ ಸಮೇತ ಇದ್ದಾಳೆ. ಶಾಲೆ ಖಾಲಿಯಾದರೆ ಅವಳಿಗೆ ದಿಕ್ಕಿಲ್ಲ. ಬೀದಿಯಲ್ಲಿ ಇದ್ಯಾವುದೂ ಯಾರಿಗೂ ಗೊತ್ತಿರಲಿಲ್ಲ.

“ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಸುಳ್ಳಂತೂ ಹೇಳಿಲ್ಲ.”

ನಿನ್ನೆ ಹೇಳಿಬಿಟ್ಟರು. ಎಂಬತ್ತನಾಲ್ಕು ಚೀಟಿ ಕೈಯಾರೆ ಬರೆದು, ಹಾಲಿನ ಜೊತೆ ಚೀಲಕ್ಕೊಂದರಂತೆ ಹಾಕಿದರು: ‘ನಾನೂ ಆ ಶಾಲೆಯಲ್ಲಿ ಇದ್ದವಳೇ. ಈಗ ನನ್ನ ತಂಗಿ ಇದ್ದಾಳೆ.’

ಇವತ್ತು ಉತ್ತರ ನೋಡುವ ದಿನ. ಚೀಲವಿಲ್ಲದ ಕೊಕ್ಕೆ ಕಂಡಾಗಲೆಲ್ಲ ಹಾಲಕ್ಕ ಗೇಟಿನ ಕೆಳಗೂ ಬಗ್ಗಿ ನೋಡುತ್ತಾರೆ, ಜಾರಿ ಬಿದ್ದಿರಬಹುದೇನೋ ಎಂದು. “ಊರಿಗೆ ಹೋಗಿರ್ಬೋದು, ಅಲ್ವಾ?” ಎನ್ನುತ್ತಾರೆ ಒಂದು ಕಡೆ. ಆ ಮನೆಯ ಅಡುಗೆಕೋಣೆಯಲ್ಲಿ ದೀಪ ಉರಿಯುತ್ತಿದೆ. ನನಗೇ ಸಂಕಟವಾಗಿ ಹೌದೆಂದು ತಲೆಯಾಡಿಸುತ್ತೇನೆ.

ಮೂವತ್ತೊಂದು ಮನೆಗೆ ಇಪ್ಪತ್ತೆರಡು ಚೀಲ. ಮುಂದಿನದು ಮೇಷ್ಟ್ರ ಗೇಟು. ಚೀಲ ಇದೆ. ಒಳಗೆ ಅದೇ ಮನವಿಪತ್ರ, ಮೇಲೆ ಮೇಷ್ಟ್ರ ದುಂಡು ಅಕ್ಷರದಲ್ಲಿ ‘ಪಕ್ಕದ ಮನೆಗೆ’. ಬೇರೆ ಒಂದು ಮಾತೂ ಇಲ್ಲ.

ಹಾಲಕ್ಕ ಹಾಲಿಟ್ಟು ಕಾಗದ ತೆಗೆದುಕೊಳ್ಳುತ್ತಾರೆ. ಪಕ್ಕದ ಮನೆಯ ಕೊಕ್ಕೆ ಬರಿದು. ಆ ಮನೆಯ ಸೊಸೆಯ ಬಾಣಂತನದಲ್ಲಿ ಮೂರು ತಿಂಗಳು ದಿನಕ್ಕೆರಡು ಸಲ ಬಂದು ಹಾಲು ಕೊಟ್ಟವರು ಇವರು.

ಕಾಗದವನ್ನು ಕ್ರೇಟಿನ ಕೆಳಗೆ ತಳ್ಳಿಬಿಡಿ, ಯಾರು ಕೇಳುತ್ತಾರೆ ಎನ್ನುತ್ತೇನೆ ನಾನು, ಬಾಯಿ ತಡೆಯದೆ.

“ನನ್ನ ಚೀಟಿ ಮುಟ್ಟಿಸಿದೀನಿ. ಅವ್ರದ್ದೂ ಮುಟ್ಟಿಸ್ಬೇಕು,” ಎಂದು ಹಾಲಕ್ಕ ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಬೆಲ್ ಒತ್ತುತ್ತಾರೆ. ಒಳಗೆ ಚಪ್ಪಲಿಯ ಸದ್ದು.

“ಹಾಲು ಬೇಡ ಅಂದ್ರೆ ಅನ್ಲಿ. ನನ್ನ ಮುಖ ನೋಡ್ಕೊಂಡು ಅನ್ಲಿ, ಅಷ್ಟೇ ನಾನು ಕೇಳೋದು.”